ರಾಗಿ ಜಾಲಿಸಿದ ಹಾಗೆ ಮಣ್ಣು ಜಾಲಿಸುವುದು: ಹಳೇ ಚಿನ್ನದ ಗಣಿ ಪಕ್ಕದ ಭಾನುವಾರದ ಹವ್ಯಾಸ

ನಾನು ಕುಪ್ಪಂ ಕಡೆಯವನು ಅಂತ ಗೊತ್ತಾದ ಕೂಡಲೇ ಬೆಂಗಳೂರು ರೈಲಿನಲ್ಲಿ ಎದುರು ಕೂತವರು ಕೇಳುವುದು ಒಂದೇ ಪ್ರಶ್ನೆ. "ನಿಮ್ ಕಡೆ ಮಣ್ಣು ತೊಳೆದ್ರೆ ಚಿನ್ನ ಸಿಗುತ್ತಂತೆ, ಹೌದಾ?" ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಕೋಲಾರದ ಚಿನ್ನದ ಬಂಡೆ ಕೆಜಿಎಫ್‌ಗೇ ಮುಗಿಯುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದದ ಕಪ್ಪು ಬಂಡೆಯ ಪಟ್ಟಿ ಅದು. ಅಗಲ ಮಾತ್ರ ಮೂರ್ನಾಲ್ಕು ಕಿಲೋಮೀಟರ್. ಕರ್ನಾಟಕದ ಗಡಿ ದಾಟಿ ಆಂಧ್ರದ ನಮ್ಮ ಚಿತ್ತೂರು ಜಿಲ್ಲೆಯ ಬಿಸಾನತ್ತಂ, ಚಿಗುರುಗುಂಟ ಹಾದು ತಮಿಳುನಾಡಿನ ಕೃಷ್ಣಗಿರಿ ಕಡೆಗೆ ಸರಿಯುತ್ತದೆ. ಚಿಗುರುಗುಂಟದಲ್ಲಿ, ಕೆಜಿಎಫ್ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್‌ನವರ ಗಣಿಯೇ ಇತ್ತು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಬಾಗಿಲು ಹಾಕಿತು. ಅದರ ಜೊತೆ ಇದೂ ಹೋಯಿತು.

ಈಗ ಸಿನಿಮಾ ನೋಡಿ, ಯೂಟ್ಯೂಬ್ ನೋಡಿ, ಬೋಗುಣಿ ಹಿಡಿದು ಬರುವವರು ಜಾಸ್ತಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಮಾಡುವ ಯೋಚನೆ ಇದ್ದರೆ ಇಲ್ಲಿಗೇ ಓದುವುದು ನಿಲ್ಲಿಸಿ, ಬೇಜಾರಿಲ್ಲ.

ಮೊದಲು ಒಂದು ಲೆಕ್ಕ

ಟಿಪ್ಪು ಸತ್ತ ಮೇಲೆ, 1802ರಲ್ಲಿ, ಮೈಸೂರಿನ ಪೂರ್ವ ಗಡಿ ಅಳೆಯಲು ಲೆಫ್ಟಿನೆಂಟ್ ಜಾನ್ ವಾರನ್ ಅನ್ನುವವನು ಈ ಕಡೆ ಬಂದಿದ್ದ. ಊರಿನವರು ಮಣ್ಣು ತೊಳೆದು ಚಿನ್ನ ತೆಗೆಯುತ್ತಾರೆ ಅಂತ ಕೇಳಿ, ಹೆಂಗಸರ ಕೈಲಿ ಮಣ್ಣು ತೊಳೆಸಿ ನೋಡಿದ. ಸುಮಾರು 56 ಕೆಜಿ ಮಣ್ಣಿಗೆ ಒಂದು ಗ್ರೇನ್ ಚಿನ್ನ ಅನ್ನುವುದು ಆಗಿನ ಲೆಕ್ಕ. ಒಂದು ಗ್ರೇನ್ ಅಂದರೆ 0.065 ಗ್ರಾಂ.

ಇದನ್ನು ನಮ್ಮ ಅಳತೆಗೆ ತನ್ನಿ. 20 ಲೀಟರ್ ಪೇಂಟ್ ಬಕೆಟ್‌ನಲ್ಲಿ ಹಸಿ ಮಣ್ಣು ತುಂಬಿದರೆ ಹೆಚ್ಚುಕಡಿಮೆ 28 ಕೆಜಿ. ಅಂಥ ಎರಡು ಬಕೆಟ್ ತೊಳೆದರೆ ಎರಡು ರಾಗಿ ಕಾಳಿನಷ್ಟು ಚಿನ್ನ. ಅದೂ ಒಳ್ಳೇ ಜಾಗದ ಮಣ್ಣು, ಒಂದು ಚೂರೂ ಕಳೆಯದ ಪಳಗಿದ ಕೈ. ನೀವು, ನಾನು ತೊಳೆದರೆ ಅದರಲ್ಲಿ ಅರ್ಧ ನೀರು ಪಾಲು. ಗಣಿಯೇ ಕೊನೆಕೊನೆಗೆ ಟನ್ನಿಗೆ ಮೂರು ಗ್ರಾಂನಂತೆ ತೆಗೆದು, ಖರ್ಚು ಗಿಟ್ಟದೆ ಮುಚ್ಚಿಕೊಂಡಿತು. ನಮ್ಮ ಬೋಗುಣಿ ಅದಕ್ಕಿಂತ ದೊಡ್ಡದಲ್ಲ, ಅಲ್ವಾ?

ಹಾಗಾದರೆ ಯಾಕೆ ಮಾಡಬೇಕು? ಕೈಗೆ ಒಂದು ಕೆಲಸ ಬರುತ್ತದೆ, ಕಣ್ಣಿಗೆ ನೆಲ ಓದುವುದು ಬರುತ್ತದೆ. ನನಗೆ ಅಷ್ಟು ಸಾಕಾಗಿದೆ.

ಕಾಗದ ಪತ್ರ: ಬೋಗುಣಿಗಿಂತ ಮುಂಚೆ

ಇದನ್ನು ಜನ ಕೊನೆಗೆ ಕೇಳುತ್ತಾರೆ. ಮೊದಲೇ ಕೇಳಬೇಕಾದ್ದು ಇದು. 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಖನಿಜ ಹುಡುಕುವುದೂ ತಪ್ಪು, ತೆಗೆಯುವುದೂ ತಪ್ಪು. 21ನೇ ಕಲಮಿನಲ್ಲಿ 5 ವರ್ಷದ ತನಕ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿ ತನಕ ದಂಡ. "ನಾನು ಸುಮ್ನೆ ಹವ್ಯಾಸಕ್ಕೆ ಮಾಡಿದೆ ಸಾರ್" ಅಂದರೆ ಬಿಟ್ಟುಬಿಡುವ ಕಲಂ ಅದರಲ್ಲಿ ಇಲ್ಲ.

ಗಡಿಯಲ್ಲಿ ಇನ್ನೊಂದು ತಮಾಷೆ. ಕೋಲಾರದ ನೆಂಟರು "ಪಹಣಿ ನಮ್ಮ ಹೆಸರಲ್ಲಿದೆ, ನಮ್ಮ ಹೊಲ, ನಮ್ಮ ಇಷ್ಟ" ಅನ್ನುತ್ತಾರೆ. ನಮ್ಮಲ್ಲಿ ಅದೇ ಮಾತಿಗೆ ಅಡಂಗಲ್ ತೋರಿಸುತ್ತಾರೆ, ಕೃಷ್ಣಗಿರಿಯಲ್ಲಿ ಪಟ್ಟಾ, ಚಿಟ್ಟಾ. ಮೂರರಲ್ಲಿ ಯಾವುದಿದ್ದರೂ ಚಿನ್ನ ಹುಡುಕುವ ಲೈಸೆನ್ಸ್ ಆಗುವುದಿಲ್ಲ. ರಾಗಿ ಬೆಳೆಯಬಹುದು, ಅಷ್ಟೇ.

ಹಳೇ ಗಣಿ ಜಾಗದ ವಿಷಯ ಇನ್ನೂ ಸೂಕ್ಷ್ಮ. ಮುಚ್ಚಿದೆ ಅಂದರೆ ಯಾರದ್ದೂ ಅಲ್ಲ ಅಂತ ಅರ್ಥ ಅಲ್ಲ. ಚಿಗುರುಗುಂಟ, ಬಿಸಾನತ್ತಂ ಬ್ಲಾಕನ್ನು ಸರ್ಕಾರ ಹರಾಜಿಗೇ ಇಟ್ಟಿತ್ತು. ಪಕ್ಕದಲ್ಲಿ ಕೌಂಡಿನ್ಯ ಅಭಯಾರಣ್ಯ ಇದೆ. ಅಲ್ಲಿಗೆ ಕಾಲಿಟ್ಟರೆ ಅರಣ್ಯ ಇಲಾಖೆಯ ಕಾನೂನು ಬೇರೆ.

ಹಾಗಾಗಿ ನಾನು ಪಾಲಿಸುವ ಕ್ರಮ ಇದು. ಮಣ್ಣು ತೊಳೆಯುವುದನ್ನು ಮನೆಯ ಹಿತ್ತಲಲ್ಲಿ, ಕಟ್ಟಡಕ್ಕೆ ತಂದ ಮರಳಿನಲ್ಲಿ ಕಲಿಯುವುದು. ನೆಲ ನೋಡುವುದನ್ನು ದಾರಿ ಮೇಲೆ, ಹೊಲದ ಯಜಮಾನರನ್ನು ಕೇಳಿ, ಬರೀ ಕಣ್ಣಲ್ಲಿ ಮಾಡುವುದು. ನಿಜವಾದ ಜಾಗದ ಮಣ್ಣು ಮುಟ್ಟಬೇಕು ಅಂದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಎಲ್ಲಿ, ಯಾವಾಗ, ಎಷ್ಟು, ಯಾಕೆ ಅಂತ ಬರೆದು ಕೇಳುವುದು. ಲೈಸೆನ್ಸ್ ಹಿಡಿದವರು ಇದ್ದರೆ ಅವರನ್ನೂ ಕೇಳುವುದು. ಬಾಯಿಮಾತಿನ "ಆಯ್ತು ಹೋಗಿ" ಬೇಡ, ಕಾಗದದ ಮೇಲೆ ಬೇಕು. ಭೂವಿಜ್ಞಾನ ಓದಿಸುವ ಕಾಲೇಜಿನವರು ಅನುಮತಿ ಪಡೆದು ಹುಡುಗರನ್ನು ಕರೆದುಕೊಂಡು ಹೋಗುತ್ತಾರೆ. ಅವರ ಜೊತೆ ಸೇರಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ನಾನು ಸರಿಯಾದ ಗಣಿ ಮಣ್ಣು ಮೊದಲ ಸಲ ಮುಟ್ಟಿದ್ದು ಹಾಗೆ.

ಮಣ್ಣು ಕೆದಕುವಾಗ ಹಳೇ ನಾಣ್ಯವೋ, ಕುಡಿಕೆಯೋ ಸಿಕ್ಕರೆ ಅದಕ್ಕೂ 1878ರ ನಿಧಿ ಕಾಯ್ದೆ ಇದೆ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದಾದರೆ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿ ಅನ್ನುವುದು ಬ್ರಿಟಿಷರ ಕಾಲದ ಲೆಕ್ಕ, ಇವತ್ತಿಗೂ ಅಷ್ಟೇ ಇದೆ.

ಹಿತ್ತಲಲ್ಲಿ ಅಭ್ಯಾಸ

ನಮ್ಮ ಅಜ್ಜಿ ರಾಗಿ ಜಾಲಿಸುವುದನ್ನು ನೋಡಿದವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಕಣದ ರಾಗಿಯಲ್ಲಿ ಸಣ್ಣ ಕಲ್ಲು ಸೇರಿಕೊಂಡಿರುತ್ತದೆ, ಬಣ್ಣವೂ ಹೆಚ್ಚುಕಡಿಮೆ ಅದೇ. ಅಜ್ಜಿ ಪಾತ್ರೆಗೆ ರಾಗಿ ಹಾಕಿ, ನೀರು ಬಿಟ್ಟು, ಅಂಗೈಯಲ್ಲಿ ಒಂದು ಸುತ್ತು ತಿರುಗಿಸುತ್ತಿದ್ದರು. ರಾಗಿ ಮೇಲೆ ಎದ್ದು ಸುತ್ತುವಾಗಲೇ ಪಾತ್ರೆ ಬಗ್ಗಿಸಿ ನೀರಿನ ಜೊತೆ ಪಕ್ಕದ ಪಾತ್ರೆಗೆ ಬಿಡುತ್ತಿದ್ದರು. ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪ. ಕೊನೆಗೆ ತಳದಲ್ಲಿ ಒಂದು ಚಮಚ ಕಲ್ಲು, ಅದರ ಜೊತೆ ಹತ್ತಿಪ್ಪತ್ತು ರಾಗಿ ಕಾಳು. ಅದನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಚಿನ್ನ ಜಾಲಿಸುವುದರಲ್ಲಿ ದೊಡ್ಡ ವ್ಯತ್ಯಾಸ ಒಂದು. ಅಜ್ಜಿ ಎಸೆಯುತ್ತಿದ್ದ ತಳವೇ ನಮಗೆ ಬೇಕು.

ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು ತೊಳೆದು ಚಿನ್ನದ ಪುಡಿ ಹುಡುಕುವವನಿಗೂ ಕನ್ನಡದಲ್ಲಿ ಜಲಗಾರ ಅನ್ನುವ ಹೆಸರಿತ್ತು. ಬೋಗುಣಿ ಹಿಡಿದು ಫೋಟೋ ಹಾಕಿಕೊಳ್ಳುವವರು ಈ ಹೆಸರನ್ನೇ ಇಟ್ಟುಕೊಳ್ಳಬಹುದು.

ಬೇಕಾದ ಸಾಮಾನು ಕಡಿಮೆ. ಅಗಲ ಬಾಯಿಯ, ಓರೆ ಅಂಚಿನ ಬೋಗುಣಿ ಒಂದು, ಸುಮಾರು ಒಂದೂವರೆ ಅಡಿ ಅಗಲದ್ದು. ಪ್ಲಾಸ್ಟಿಕ್ ಆದರೆ ಒಳ್ಳೆಯದು, ಆಯಸ್ಕಾಂತ ಬಳಸುವಾಗ ತೊಂದರೆ ಇಲ್ಲ. ಕಡು ಹಸಿರೋ, ಕಪ್ಪೋ ಆದರೆ ಹಳದಿ ಚೂರು ಎದ್ದು ಕಾಣುತ್ತದೆ. ಅದು ಮುಳುಗುವಷ್ಟು ದೊಡ್ಡ ಟಬ್ಬು, ಒಂದು ಜರಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಆಯಸ್ಕಾಂತ, ಸಣ್ಣ ಗಾಜಿನ ಸೀಸೆ. ಅಲ್ಯೂಮಿನಿಯಂ ಬೋಗುಣಿಯಲ್ಲೂ ಆಗುತ್ತದೆ, ಮೊದಲು ಒಲೆ ಮೇಲೆ ಸುಟ್ಟು ಎಣ್ಣೆ ಜಿಡ್ಡು ತೆಗೆಯಿರಿ. ಜಿಡ್ಡಿದ್ದರೆ ಸಣ್ಣ ಚೂರುಗಳು ನೀರಿನ ಮೇಲೆ ತೇಲಿ ಹೋಗುತ್ತವೆ. ಲಿಕ್ವಿಡ್ ಹಾಕುವುದೂ ಅದಕ್ಕೇ.

ಚಿನ್ನದ ಬದಲು ಸೀಸ ಇಟ್ಟು ಕಲಿಯಿರಿ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಸಿಗುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಹಾಳೆ ಮಾಡಿ, ಕತ್ತರಿಯಲ್ಲಿ ರಾಗಿ ಕಾಳಿನಷ್ಟು 20 ಚೂರು ಕತ್ತರಿಸಿ. ಎಣಿಸಿ ಹಾಕಿ. ಯಾಕೆ ಸೀಸ? ಬಿಳಿ ಕಲ್ಲು, ಅಂದರೆ ಬೆಣಚುಕಲ್ಲು, ನೀರಿಗಿಂತ 2.65 ಪಟ್ಟು ಭಾರ. ಕಪ್ಪು ಮರಳಿನಲ್ಲಿರುವ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರು ಸುಮಾರು 5.2. ಸೀಸ 11.3. ಅಪ್ಪಟ ಚಿನ್ನ 19.3. ಸೀಸ ಉಳಿಸಿಕೊಳ್ಳಲು ಬಂದವನಿಗೆ ಚಿನ್ನ ಇನ್ನೂ ಸುಲಭ.

ಈಗ ಕೈ ಕೆಲಸ. ಮರಳನ್ನು ಜರಡಿ ಹಿಡಿದು, ಬೋಗುಣಿಯ ಮೂರನೇ ಎರಡು ಭಾಗ ತುಂಬಿ, ಸೀಸದ ಚೂರು ಬೆರೆಸಿ, ಟಬ್ಬಿನ ನೀರಿನಲ್ಲಿ ಪೂರ್ತಿ ಮುಳುಗಿಸಿ. ಬೆರಳಲ್ಲಿ ಹೆಂಟೆ ಒಡೆಯಿರಿ. ಅವಸರ ಮಾಡಬೇಡಿ, ಜೇಡಿ ಉಂಡೆ ಒಡೆಯದಿದ್ದರೆ ಅದು ಭಾರದ ಚೂರನ್ನು ಅಪ್ಪಿಕೊಂಡೇ ಉರುಳಿ ಹೋಗುತ್ತದೆ. ನೀರು ಕೆಂಪಗಾಗುವುದು ನಿಲ್ಲುವ ತನಕ ಕಲಸಿ. ಆಮೇಲೆ ನೀರೊಳಗೇ ಬೋಗುಣಿಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಿ. ಅಜ್ಜಿಯ ಹಾಗೆ ಸುತ್ತಿಸಬೇಡಿ, ಅಲ್ಲಾಡಿಸಿ. ಹೊಸಬರು ತಪ್ಪುವುದು ಇಲ್ಲೇ. ಭಾರದ್ದು ತಳಕ್ಕೆ ಇಳಿಯುವ ಮುಂಚೆಯೇ ಚೆಂದಕ್ಕೆ ಸುತ್ತು ತಿರುಗಿಸುತ್ತಾರೆ. ಇಪ್ಪತ್ತು ಎಣಿಸುವ ತನಕ ಅಲ್ಲಾಡಿಸಿದ ಮೇಲೆ ಮುಂದಿನ ಅಂಚು ಸ್ವಲ್ಪ ತಗ್ಗಿಸಿ, ನೀರನ್ನು ಮೇಲಿಂದ ಒಂದು ಪದರ ಎಳೆದುಕೊಂಡು ಹೋಗಲು ಬಿಡಿ. ಮತ್ತೆ ಮಟ್ಟ ಮಾಡಿ, ಮತ್ತೆ ಅಲ್ಲಾಡಿಸಿ, ಮತ್ತೆ ಪದರ ಎಳೆಯಲು ಬಿಡಿ. ಮೂರು ಎಳೆತಕ್ಕೆ ಒಂದು ಸಲ ಅಲ್ಲಾಡಿಸುವುದು ನನ್ನ ಲೆಕ್ಕ.

ಕೊನೆಗೆ ಎರಡು ಚಮಚ ಕಪ್ಪು ಮರಳು ಉಳಿಯುತ್ತದೆ. ಇಲ್ಲಿಗೆ ಬಂದಾಗ ಉಸಿರೂ ನಿಧಾನ ಆಗುತ್ತದೆ ನೋಡಿ. ಅರ್ಧ ಲೋಟ ನೀರು ಬಿಟ್ಟು, ಬೋಗುಣಿ ಓರೆ ಹಿಡಿದು, ಬೆರಳಲ್ಲಿ ಅಂಚನ್ನು ತಟ್ಟುತ್ತಾ ಹೋಗಿ. ಮರಳು ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಹಗುರದ್ದು ಮುಂದೆ ಓಡುತ್ತದೆ, ಸೀಸ ಹಿಂದೆ ಒಂದು ಸಾಲಾಗಿ ಕೂರುತ್ತದೆ. ಎಣಿಸಿ. ನನಗೆ ಮೊದಲ ದಿನ ಸಿಕ್ಕಿದ್ದು 20ರಲ್ಲಿ 7. ಒಂದು ತಿಂಗಳಾದ ಮೇಲೆ 17, 18. ಸತತ ಐದು ಸಲ 18 ಬರುವ ತನಕ ನಿಜವಾದ ಮಣ್ಣಿನ ಆಸೆ ಬೇಡ.

ಟಬ್ಬಿನ ನೀರನ್ನು ಎಸೆಯಬೇಡಿ, ಮಣ್ಣು ತಳಕ್ಕೆ ಕೂತ ಮೇಲೆ ಅದೇ ನೀರು ಮತ್ತೆ ಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ನೀರು ಹಾಳು ಮಾಡಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ನೆಲ ಓದುವುದು

ಕೋಲಾರ, ಕುಪ್ಪಂ ಸುತ್ತಮುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಗುಂಡು. ದೊಡ್ಡ ದೊಡ್ಡ, ದುಂಡಗಿನ, ಬಿಳಿಚಿಕೊಂಡ ಬಂಡೆ. ಚಿನ್ನಕ್ಕೆ ಅದು ಜಾಗ ಅಲ್ಲ. ಗುಂಡುಗಳು ಮುಗಿದು, ನೆಲ ಒಮ್ಮೆಲೇ ಕಡು ಬಣ್ಣಕ್ಕೆ ತಿರುಗಿ, ಪದರ ಪದರವಾಗಿ ಏಳುವ ಕರಿಹಸಿರು ಕಲ್ಲು ಸಿಗುವ ಕಡೆ ನಿಂತುಕೊಳ್ಳಿ. ಅದು ಹಾರ್ನ್‌ಬ್ಲೆಂಡ್ ಶಿಸ್ಟ್, ಚಿನ್ನದ ಪಟ್ಟಿಯ ಮೈ. ಅದರ ನಡುವೆ ಬಿಳಿಯದೋ, ಹೊಗೆ ಬಣ್ಣದ್ದೋ ಬೆಣಚುಕಲ್ಲಿನ ಎಳೆ ಹಾದುಹೋಗಿದ್ದರೆ ಅದೇ ನರ. ಹಾಲಿನಂತೆ ಬೆಳ್ಳಗಿರುವ ಬೆಣಚುಕಲ್ಲು ನೋಡಲು ಚೆಂದ, ಸಾಮಾನ್ಯವಾಗಿ ಖಾಲಿ. ತುಕ್ಕು ಹಿಡಿದಂತೆ ಕೆಂಪು ಕಂದು ಕಲೆ, ಸಣ್ಣ ಸಣ್ಣ ತೂತು ಇದ್ದರೆ ಎರಡನೇ ಸಲ ನೋಡಿ. ಒಳಗಿದ್ದ ಗಂಧಕದ ಖನಿಜ ಕೊಳೆತು ಹೋದ ಗುರುತು ಅದು.

ಹಳ್ಳದಲ್ಲಾದರೆ ನೀರು ಸುಸ್ತಾಗುವ ಜಾಗ ಹುಡುಕಬೇಕು. ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಬದಿ, ತಳದ ಬಂಡೆಯ ಬಿರುಕು, ಹುಲ್ಲಿನ ಬೇರು. ಮೊದಲ ಮಳೆ ಬಿದ್ದ ಮರುದಿನ ಕಪ್ಪು ಮರಳು ಎಲ್ಲಿ ಗೆರೆ ಹಾಕಿದೆ ಅಂತ ನೋಡಿ. ಆ ಗೆರೆಯನ್ನು ನೋಡುತ್ತಾ ನಡೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅದು ದಾರಿ ಪಕ್ಕದ ಹಳ್ಳ ಆಗಿದ್ದರೆ. ಪಾಲಾರ್ ನದಿ ಪಾತ್ರದ ಮರಳನ್ನು ಮಾತ್ರ ಚೀಲಕ್ಕೆ ತುಂಬಬೇಡಿ. ಚಿನ್ನದ ಕೇಸು ಹಾಕುವ ಮೊದಲೇ ಮರಳಿನ ಕೇಸು ಬೀಳುತ್ತದೆ.

ಮೆಟಲ್ ಡಿಟೆಕ್ಟರ್ ಕೊಳ್ಳಲೇ ಅಂತ ಕೇಳುತ್ತಾರೆ. ಬೇಡ. ಹಳೇ ಗಣಿ ಪಕ್ಕ ಮೊಳೆ, ತಂತಿ, ನಟ್ಟು ಬಿಟ್ಟರೆ ಬೇರೇನೂ ಕೂಗುವುದಿಲ್ಲ. ಇಲ್ಲಿನ ಚಿನ್ನದ ಪುಡಿ ಅದಕ್ಕೆ ಕಾಣುವಷ್ಟು ದಪ್ಪವೂ ಇಲ್ಲ.

ಹತ್ತಿರ ಹೋಗಬಾರದ ಜಾಗ

ಒಂದು ಸಲ ಬೆಣಚುಕಲ್ಲಿನ ಎಳೆ ಹಿಡಿದು ತಲೆ ತಗ್ಗಿಸಿ ನಡೆಯುತ್ತಿದ್ದೆ. ಮುಂದೆ ಲಂಟಾನ ಪೊದೆ. ಮೇಕೆ ಕಾಯುವ ಹುಡುಗ ಹಿಂದಿನಿಂದ "ಅಣ್ಣಾ, ನಿಂತ್ಕೋ" ಅಂದ. ಹತ್ತಿರ ಬಂದು ಒಂದು ಕಲ್ಲು ತೆಗೆದು ಪೊದೆಯೊಳಗೆ ಎಸೆದ. ಟಕ್ ಅಂತು, ಇನ್ನೊಂದು ಸಲ ಟಕ್ ಅಂತು, ಆಮೇಲೆ ಸದ್ದೇ ಇಲ್ಲ. "ಹೋದ ವರ್ಷ ನಂದೊಂದು ಮೇಕೆ ಹೋಯ್ತು" ಅಂದ. ಪೊದೆ ಬೆಳೆದಿದ್ದು ಹಳೇ ಶಾಫ್ಟಿನ, ಅಂದರೆ ಗಣಿಗೆ ನೇರ ಇಳಿಯುವ ಬಾವಿಯ, ಬಾಯಿ ಸುತ್ತ. ನಾನು ಅದರಿಂದ ಆರು ಹೆಜ್ಜೆ ದೂರ ಇದ್ದೆ.

ಶಾಫ್ಟಿನ ಅಂಚು ಗಟ್ಟಿ ಕಾಣುತ್ತದೆ, ಆದರೆ ಕೆಳಗೆ ಪೊಳ್ಳಾಗಿರುತ್ತದೆ. ಸುರಂಗಕ್ಕೆ "ಸ್ವಲ್ಪ ದೂರ" ಕೂಡ ಹೋಗಬೇಡಿ. ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇದ್ದರೆ ಮೂಗಿಗೆ ಗೊತ್ತಾಗುವುದಿಲ್ಲ, ತಲೆ ಸುತ್ತುವಷ್ಟರಲ್ಲಿ ಕಾಲು ಬಿದ್ದಿರುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ.

ಇನ್ನೊಂದು, ಗಣಿಯವರು ಅರೆದು ಬಿಟ್ಟ ನುಣ್ಣನೆ ಪುಡಿಯ ದಿಬ್ಬ. ಕೆಜಿಎಫ್ ಜನ ಸೈನೈಡ್ ಗುಡ್ಡ ಅನ್ನುವುದು ಅದನ್ನೇ. ಅಲ್ಲಿ ಚಿನ್ನ ಉಳಿದಿದೆ ನಿಜ. ಅದನ್ನು ಬೋಗುಣಿಯಲ್ಲಿ ತೆಗೆಯಲು ಆಗುವುದಿಲ್ಲ, ಅಷ್ಟು ಸಣ್ಣ. ಧೂಳು ಮಾತ್ರ ಶ್ವಾಸಕೋಶಕ್ಕೆ ಹೋಗುತ್ತದೆ. ಕಲ್ಲಿನ ಧೂಳು ಕುಡಿದು ಕೆಮ್ಮಿಯೇ ಸತ್ತ ಗಣಿ ಕಾರ್ಮಿಕರ ಕಥೆ ಈ ಕಡೆ ಮನೆಮನೆಯಲ್ಲೂ ಇದೆ. ಅದೇ ಕಾರಣಕ್ಕೆ ಕಲ್ಲು ಒಡೆಯುವಾಗಲೂ ಮೊದಲು ನೀರು ಹಾಕಿ ನೆನೆಸಿ, ಕಣ್ಣಿಗೆ ಕನ್ನಡಕ ಹಾಕಿ. ಪಾದರಸ ಹಾಕಿ ಚಿನ್ನ ಕೂಡಿಸುವ ವಿದ್ಯೆ ಹೇಳಿಕೊಡಲು ಯಾರಾದರೂ ಬಂದರೆ ಎದ್ದು ಬನ್ನಿ. ಅದರ ಹೊಗೆ ಮನೆಯವರಿಗೆಲ್ಲಾ ವಿಷ.

ಕೌಂಡಿನ್ಯ ಕಡೆಯ ಆನೆಗಳು ಹೊಲಕ್ಕೆ ಇಳಿಯುವುದುಂಟು. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಡಿ, ಸಂಜೆ ನಾಲ್ಕಕ್ಕೆ ವಾಪಸ್ ಹೊರಡಿ. ಒಬ್ಬರೇ ಹೋಗಬೇಡಿ.

ಹೊಳೆಯುವುದೆಲ್ಲಾ ಏನು?

ಈ ಹುಚ್ಚು ಹತ್ತಿದ ಹೊಸದರಲ್ಲಿ ರಸ್ತೆಗೆ ಅಗೆದ ಮಣ್ಣಿನಲ್ಲಿ ಹಳದಿ ಹೊಳಪಿನ ಪುಡಿ ಕಂಡು, ಕಾಗದದಲ್ಲಿ ಮಡಚಿಕೊಂಡು ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. "ಆಚಾರ್ರೇ, ಇದೊಂಚೂರು ನೋಡ್ತೀರಾ?" ಅವರು ಚಿಮಟದಲ್ಲಿ ಒಂದು ಚೂರು ಎತ್ತಿ, ಸೂಜಿ ಮೊನೆಯಲ್ಲಿ ಒತ್ತಿದರು. ಅದು ಈರುಳ್ಳಿ ಸಿಪ್ಪೆಯಂತೆ ಎರಡು ಪದರವಾಗಿ ಬಿಟ್ಟುಕೊಂಡಿತು. "ಕಾಗೆಬಂಗಾರ ಕಣಪ್ಪ. ಕಾಗೆಗೂ ಬೇಡ, ತಗೊಂಡು ಹೋಗು" ಅಂದರು. ನಮ್ಮ ಕಡೆ ಅಭ್ರಕಕ್ಕೆ ಕಾಗೆಬಂಗಾರ ಅನ್ನುವ ಹೆಸರು ಕನ್ನಡದಲ್ಲೂ ಇದೆ, ತೆಲುಗು ತಮಿಳಿನಲ್ಲೂ ಅದೇ ಅರ್ಥದ ಹೆಸರಿದೆ. ಮೂರು ಭಾಷೆಯವರೂ ಮೋಸ ಹೋಗಿದ್ದಾರೆ ಅಂತಾಯಿತು.

ಆಚಾರ್ರು ಅವತ್ತು ಮಾಡಿದ್ದನ್ನೇ ನೀವು ಮಾಡಿ. ಚಿನ್ನ ಮೆದು. ಸೂಜಿಯಲ್ಲಿ ಒತ್ತಿದರೆ ತಗ್ಗು ಬೀಳುತ್ತದೆ, ಚಪ್ಪಟೆ ಆಗುತ್ತದೆ, ಒಡೆಯುವುದಿಲ್ಲ. ಅಭ್ರಕ ಪದರ ಬಿಡುತ್ತದೆ. ಹಿತ್ತಾಳೆ ಬಣ್ಣದ ಪೈರೈಟ್, ಅಂದರೆ ಕಬ್ಬಿಣ ಗಂಧಕ ಸೇರಿದ ಖನಿಜ, ಪುಡಿಯಾಗುತ್ತದೆ. ಇದಕ್ಕಿಂತ ಸುಲಭದ್ದು ನೆರಳಿನ ಪರೀಕ್ಷೆ. ಬೋಗುಣಿಗೆ ನಿಮ್ಮ ಮೈಯ ನೆರಳು ಬೀಳುವಂತೆ ತಿರುಗಿ. ಅಭ್ರಕವೂ ಪೈರೈಟೂ ತಿರುಗಿಸಿದ ಕಡೆಗೆ ಮಿನುಗಿ, ನೆರಳಿಗೆ ಬಂದರೆ ಆರಿಹೋಗುತ್ತವೆ. ಚಿನ್ನ ನೆರಳಲ್ಲೂ ಅದೇ ಹಳದಿ. ಚೂರು ದೊಡ್ಡದಿದ್ದರೆ ಟೈಲ್ಸಿನ ಹಿಂಬದಿಯ ಒರಟು ಮೇಲೆ ಉಜ್ಜಿ. ಪೈರೈಟ್ ಹಸಿರುಗಪ್ಪು ಗೆರೆ ಬಿಡುತ್ತದೆ, ಚಿನ್ನ ಹಳದಿ ಗೆರೆ. ಆಚಾರ್ರ ಒರೆಗಲ್ಲಿನ ಕೆಲಸವೂ ಇದೇ ಜಾತಿಯದ್ದು.

ಕಪ್ಪು ಮರಳು ತೆಗೆಯಲು ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಒಣಗಿದ ಮರಳಿನ ಮೇಲೆ ಆಡಿಸಿ. ಮ್ಯಾಗ್ನಟೈಟ್ ಮೀಸೆಯಂತೆ ಅಂಟಿಕೊಳ್ಳುತ್ತದೆ. ಕವರನ್ನು ಆಯಸ್ಕಾಂತದಿಂದ ಎಳೆದರೆ ಮರಳೆಲ್ಲಾ ಉದುರುತ್ತದೆ. ನೇರವಾಗಿ ಅಂಟಿಸಿಕೊಂಡರೆ ಅದನ್ನು ಬಿಡಿಸುವುದೇ ಒಂದು ಭಾನುವಾರ.

ಬರೆದಿಡಿ, ತೊಳೆದಿಡಿ

ಅನುಮತಿ ಪಡೆದು ಮಣ್ಣು ನೋಡಿದ ದಿನ ಒಂದು ನೋಟ್‌ಬುಕ್ ಜೊತೆಗಿರಲಿ. ದಿನಾಂಕ, ಜಾಗ, ಎಷ್ಟು ಬಕೆಟ್, ಕಪ್ಪು ಮರಳು ಎಷ್ಟು ಚಮಚ, ಹಳದಿ ಚೂರು ಎಷ್ಟು. ಸೊನ್ನೆ ಬಂದರೂ ಸೊನ್ನೆ ಅಂತ ಬರೆಯಿರಿ. ನನ್ನ ಪುಸ್ತಕದಲ್ಲಿ ಸೊನ್ನೆಗಳೇ ಜಾಸ್ತಿ. ಕಾಲೇಜಿನವರ ಜೊತೆ ಹೋದ ದಿನ ಮಾತ್ರ ಎರಡು ಅಂತ ಬರೆದಿದ್ದೇನೆ. ಎರಡೂ ಸಾಸಿವೆಗಿಂತ ಸಣ್ಣವು. ಮೇಷ್ಟ್ರು ಸೀಸೆಗೆ ಹಾಕಿ ಚೀಟಿ ಅಂಟಿಸಿಕೊಂಡರು, ನನಗೆ ಫೋಟೋ ಸಿಕ್ಕಿತು. ನಿಜವಾದ ಚೂರು ಸಿಕ್ಕರೆ ಅನುಮತಿ ಪತ್ರದಲ್ಲಿ ಏನು ಬರೆದಿದೆಯೋ ಹಾಗೆ ಮಾಡಿ. ಅಂಗಡಿಗೆ ತೆಗೆದುಕೊಂಡು ಹೋಗಿ ತೂಕ ಹಾಕಿಸಬೇಡಿ, ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ. ಮಾರನೇ ದಿನ ಆ ಹೊಲದಲ್ಲಿ ಗುದ್ದಲಿ ಹಿಡಿದ ಐವತ್ತು ಜನ ಇರುತ್ತಾರೆ, ಹೊಲದವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಮನೆಗೆ ಬಂದ ಮೇಲೆ ಸೀಸದ ಚೂರು ಎಣಿಸಿ ಡಬ್ಬಿಗೆ ಹಾಕಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸೋಪು ಹಾಕಿ ಕೈ ತೊಳೆಯಿರಿ. ಬೋಗುಣಿಯ ಅಂಚಿಗೆ ಕೆಂಪು ಪೇಂಟಿನಲ್ಲಿ ಒಂದು ಪಟ್ಟಿ ಬಳಿಯಿರಿ, ಅದು ಮತ್ತೆ ಅಡುಗೆಮನೆಗೆ ಹೋಗಬಾರದು. ನಾನು ಬಳಿಯದೆ ಇಟ್ಟಿದ್ದೆ. ಹಬ್ಬದ ಹಿಂದಿನ ದಿನ ಅಮ್ಮ ಅದರಲ್ಲಿ ಅಕ್ಕಿ ನೆನೆಹಾಕಿದ್ದರು. ಮೂರು ಸೇರು ಅಕ್ಕಿ ತಿಪ್ಪೆಗೆ ಹೋಯಿತು.